ಕರುಳಿನ ಉರಿಯೂತದ ಕಾಯಿಲೆಯ ತೊಡಕುಗಳಲ್ಲಿ ಬ್ಯಾಕ್ಟೀರಿಯಾಗಳ ಪಾತ್ರವೇನು?

ಕ್ರೋನ್ಸ್ ಕಾಯಿಲೆ ಅಥವಾ ಅಲ್ಸರೇಟಿವ್ ಕೊಲೈಟಿಸ್ ಇದೆ ಎಂದು ಗೊತ್ತಾದ ಮನೆಗಳಲ್ಲಿ ಎರಡು ಮಾತುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಒಂದು, "ಹೊಟ್ಟೇಲಿ ಇನ್‌ಫೆಕ್ಷನ್ ಆಗಿದೆ, ಒಂದು ಕೋರ್ಸ್ ಆ್ಯಂಟಿಬಯಾಟಿಕ್ ತಗೊಂಡ್ರೆ ಸರಿಹೋಗುತ್ತೆ" ಎನ್ನುವುದು. ಇನ್ನೊಂದು, "ಇದು ಇಮ್ಯೂನಿಟಿ ಕಾಯಿಲೆ, ಬ್ಯಾಕ್ಟೀರಿಯಾಗೂ ಇದಕ್ಕೂ ಸಂಬಂಧ ಇಲ್ಲ" ಎನ್ನುವುದು. ಎರಡರಲ್ಲೂ ಅರ್ಧ ಸತ್ಯವಿದೆ. ಯಾವುದನ್ನು ಪೂರ್ತಿ ನಂಬಿದರೂ ಅಪಾಯವಿದೆ.

ಅಪಾಯ ಏಕೆಂದರೆ, ಈ ಕಾಯಿಲೆ ಉಲ್ಬಣಿಸಿದಾಗ ಕೊಡುವ ಹಲವು ಔಷಧಗಳು ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಸೋಂಕು ತಗುಲಿದಾಗ ದೇಹಕ್ಕೆ ಬೇಕಾಗುವುದು ಅದೇ ಶಕ್ತಿ. ಆದರೆ ಹೊರಗೆ ಕಾಣುವ ಲಕ್ಷಣಗಳು ಎರಡಕ್ಕೂ ಹೆಚ್ಚುಕಡಿಮೆ ಒಂದೇ: ಭೇದಿ, ಹೊಟ್ಟೆನೋವು, ಜ್ವರ, ಮಲದಲ್ಲಿ ರಕ್ತ. ಹಾಗಾಗಿ ಈ ಕಾಯಿಲೆಯಲ್ಲಿ ಬ್ಯಾಕ್ಟೀರಿಯಾಗಳು ಎಲ್ಲಿ ಬರುತ್ತವೆ, ಎಲ್ಲಿ ಬರುವುದಿಲ್ಲ ಎಂಬುದನ್ನು ರೋಗಿಯೂ ಮನೆಯವರೂ ತಿಳಿದಿರುವುದು ಒಳ್ಳೆಯದು. ಈ ಲೇಖನದಲ್ಲಿ ನಾವು ಅದನ್ನೇ ಒಂದೊಂದಾಗಿ ನೋಡೋಣ.

ಮೊದಲಿಗೆ, ಯಾವ ಕಾಯಿಲೆಯ ಬಗ್ಗೆ ಮಾತನಾಡುತ್ತಿದ್ದೇವೆ?

ಕರುಳಿನ ಉರಿಯೂತದ ಕಾಯಿಲೆಯನ್ನು ವೈದ್ಯರು ಚಿಕ್ಕದಾಗಿ ಐಬಿಡಿ ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದೊಡ್ಡ ಕರುಳಿನ ಒಳಪದರ ಮಾತ್ರ ಹುಣ್ಣಾಗುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ಅದು ಕರುಳಿನ ಗೋಡೆಯ ಎಲ್ಲ ಪದರಗಳನ್ನೂ ತಟ್ಟುತ್ತದೆ. ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್ ಮತ್ತು ಗಾರ್ಡನ್ ಒಪೆನ್‌ಹೈಮರ್ 1932ರಲ್ಲಿ ಇದನ್ನು ವಿವರಿಸಿ ಬರೆದ ಮೇಲೆ ಆ ಹೆಸರು ಬಂತು.

ಇದನ್ನು ಐಬಿಎಸ್ ಜೊತೆ ಗೊಂದಲ ಮಾಡಿಕೊಳ್ಳಬಾರದು. ಐಬಿಎಸ್‌ನಲ್ಲಿ ತೊಂದರೆ ಇರುತ್ತದೆ, ಆದರೆ ಕರುಳಿನಲ್ಲಿ ಹುಣ್ಣಾಗುವುದಿಲ್ಲ, ರಕ್ತ ಬರುವುದಿಲ್ಲ. ಮಲದಲ್ಲಿ ರಕ್ತ ಕಂಡ ಕೂಡಲೇ ಮೂಲವ್ಯಾಧಿ ಎಂದು ತೀರ್ಮಾನಿಸಿ ತಿಂಗಳುಗಟ್ಟಲೆ ಮನೆಮದ್ದು ಮಾಡುವುದೂ ಸರಿಯಲ್ಲ. ರಕ್ತದ ಜೊತೆ ಲೋಳೆ, ಭೇದಿ, ತೂಕ ಇಳಿಯುವುದು ಇದ್ದರೆ ಅದು ಬೇರೆಯೇ ಕಾಯಿಲೆ ಇರಬಹುದು.

ಒಂದೇ ಒಂದು ಬ್ಯಾಕ್ಟೀರಿಯಾ ಇದಕ್ಕೆ ಕಾರಣವೇ?

ಹೊಟ್ಟೆಯ ಅಲ್ಸರ್ ಕಥೆ ಗೊತ್ತಿರುವವರಿಗೆ ಈ ಪ್ರಶ್ನೆ ಸಹಜ. ಜಠರದ ಹುಣ್ಣಿಗೆ ಖಾರ ಮತ್ತು ಟೆನ್ಷನ್ ಕಾರಣ ಎಂದೇ ಬಹುಕಾಲ ನಂಬಲಾಗಿತ್ತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಅದರ ಹಿಂದಿದೆ ಎಂದು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ತೋರಿಸಿದರು; 2005ರಲ್ಲಿ ಅವರಿಗೆ ನೊಬೆಲ್ ಬಂತು. ಈಗ ಆ ಹುಣ್ಣನ್ನು ಆ್ಯಂಟಿಬಯಾಟಿಕ್‌ನಿಂದ ಗುಣಪಡಿಸುತ್ತಾರೆ. ಅಲ್ಸರೇಟಿವ್ ಕೊಲೈಟಿಸ್ ಹೆಸರಿನಲ್ಲೂ 'ಅಲ್ಸರ್' ಇರುವುದರಿಂದ ಇದೂ ಹಾಗೆಯೇ ಎಂದು ಹಲವರು ಅಂದುಕೊಳ್ಳುತ್ತಾರೆ. ಹಾಗಲ್ಲ.

ಅಂಥ ಒಬ್ಬ 'ಅಪರಾಧಿ'ಯ ಹುಡುಕಾಟ ನಡೆದೇ ಇದೆ. ದನಗಳಿಗೆ ಬರುವ ಜೋನೀಸ್ ಎಂಬ ಕರುಳಿನ ರೋಗಕ್ಕೂ ಮನುಷ್ಯರ ಈ ಕಾಯಿಲೆಗೂ ಹೋಲಿಕೆಯಿದೆ ಎಂದು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಡಾಲ್‌ಜೀಲ್ 1913ರಲ್ಲೇ ಗಮನಿಸಿದ್ದರು. ಜೋನೀಸ್ ರೋಗಕ್ಕೆ ಕಾರಣ ಕ್ಷಯದ ಬ್ಯಾಕ್ಟೀರಿಯಾದ ದಾಯಾದಿಯಂಥ ಒಂದು ಬ್ಯಾಕ್ಟೀರಿಯಾ. ಕ್ರೋನ್ಸ್‌ಗೂ ಅದೇ ಕಾರಣವಾಗಿದ್ದರೆ ಅದನ್ನು ಕೊಲ್ಲುವ ಔಷಧಗಳಿಂದ ಗುಣವಾಗಬೇಕಿತ್ತು. ಆಸ್ಟ್ರೇಲಿಯಾದಲ್ಲಿ ಎರಡು ವರ್ಷ ಮೂರು ಆ್ಯಂಟಿಬಯಾಟಿಕ್‌ಗಳನ್ನು ಒಟ್ಟಿಗೆ ಕೊಟ್ಟು ನೋಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಮೊದಲು ಸ್ವಲ್ಪ ಅನುಕೂಲ ಕಂಡರೂ ಅದು ಉಳಿಯಲಿಲ್ಲ.

ಹಾಗಾದರೆ ಬ್ಯಾಕ್ಟೀರಿಯಾಗಳಿಗೆ ಸಂಬಂಧವೇ ಇಲ್ಲವೇ?

ಇದೆ. ಅದಕ್ಕೆ ಮೂರು ಬಲವಾದ ಸಾಕ್ಷ್ಯಗಳನ್ನು ನೋಡೋಣ.

ಮೊದಲನೆಯದು ಇಲಿಗಳಿಂದ ಬಂದದ್ದು. ಉರಿಯೂತವನ್ನು ತಣಿಸುವ ಒಂದು ಮುಖ್ಯ ಪ್ರೋಟೀನ್ ಇಲ್ಲದಂತೆ ಮಾಡಿದ ಇಲಿಗಳಿಗೆ ಕೊಲೈಟಿಸ್ ಬರುತ್ತದೆ ಎಂದು 1993ರಲ್ಲಿ ಗೊತ್ತಾಯಿತು. ಆದರೆ ಅದೇ ಇಲಿಗಳನ್ನು ಯಾವ ಸೂಕ್ಷ್ಮಾಣುವೂ ಇಲ್ಲದ ಪರಿಸರದಲ್ಲಿ ಬೆಳೆಸಿದರೆ ಕೊಲೈಟಿಸ್ ಬರುವುದಿಲ್ಲ. ಅಂದರೆ ದೇಹದ ದೋಷವೊಂದೇ ಸಾಲದು, ಬ್ಯಾಕ್ಟೀರಿಯಾಗಳೂ ಬೇಕು.

ಎರಡನೆಯದು ಶಸ್ತ್ರಚಿಕಿತ್ಸೆಯಾದ ರೋಗಿಗಳಿಂದ ಬಂದದ್ದು. ಕ್ರೋನ್ಸ್‌ನಲ್ಲಿ ಕೆಟ್ಟ ಭಾಗವನ್ನು ಕತ್ತರಿಸಿ ಕರುಳನ್ನು ಜೋಡಿಸಿದ ಮೇಲೂ ಜೋಡಿಸಿದ ಜಾಗದಲ್ಲೇ ಕಾಯಿಲೆ ಮರಳುವುದುಂಟು. ಬೆಲ್ಜಿಯಂನ ವೈದ್ಯರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ರೋಗಿಗಳ ಕರುಳಿನೊಳಗಿನ ಪದಾರ್ಥ ಜೋಡಣೆಯ ಜಾಗಕ್ಕೆ ತಲುಪದಂತೆ ಹೊಟ್ಟೆಯ ಮೇಲಿನ ರಂಧ್ರದಿಂದ ಹೊರಬಿಡಲಾಗಿತ್ತು. 6 ತಿಂಗಳಾದರೂ ಅಲ್ಲಿ ಉರಿಯೂತ ಬರಲಿಲ್ಲ. ಕರುಳನ್ನು ಮತ್ತೆ ಮೊದಲಿನಂತೆ ಸೇರಿಸಿದ ಮೇಲೆ ಬಂತು. ಕರುಳಿನಲ್ಲಿ ಹರಿಯುವ ಪದಾರ್ಥದಲ್ಲಿ, ಅಂದರೆ ಆಹಾರ, ಪಿತ್ತ ಮತ್ತು ಬ್ಯಾಕ್ಟೀರಿಯಾಗಳ ಆ ಮಿಶ್ರಣದಲ್ಲಿ, ಉರಿಯೂತವನ್ನು ಹೊತ್ತಿಸುವುದೇನೋ ಇದೆ ಎಂದು ಇದರಿಂದ ಸ್ಪಷ್ಟವಾಯಿತು.

ಮೂರನೆಯದು ಜೀನ್‌ಗಳ ಸಾಕ್ಷ್ಯ. ಕ್ರೋನ್ಸ್‌ಗೆ ನಂಟಿರುವ ಮೊದಲ ಜೀನ್ 2001ರಲ್ಲಿ ಪತ್ತೆಯಾಯಿತು. ಅದರ ಹೆಸರು ನಾಡ್2. ಅದರ ಕೆಲಸವೇ ಬ್ಯಾಕ್ಟೀರಿಯಾಗಳ ಹೊರಗೋಡೆಯ ಚೂರನ್ನು ಗುರುತಿಸುವುದು.

ಈ ಮೂರನ್ನೂ ಸೇರಿಸಿದರೆ ಸಿಗುವ ಚಿತ್ರ ಹೀಗಿದೆ: ಆನುವಂಶಿಕವಾಗಿ ಒಲವಿರುವ ವ್ಯಕ್ತಿಯಲ್ಲಿ, ತನ್ನದೇ ಕರುಳಿನಲ್ಲಿ ವಾಸವಾಗಿರುವ ಸಾಮಾನ್ಯ ಬ್ಯಾಕ್ಟೀರಿಯಾಗಳ ವಿರುದ್ಧ ರೋಗನಿರೋಧಕ ವ್ಯವಸ್ಥೆ ಅತಿಯಾಗಿ, ನಿಲ್ಲದೆ ಹೋರಾಡುತ್ತದೆ. ಹೊರಗಿನ ಕಳ್ಳ ಯಾರೂ ಬಂದಿರುವುದಿಲ್ಲ. ಮನೆಯವರ ಮೇಲೆಯೇ ಕಾವಲುಗಾರ ದೊಣ್ಣೆ ಬೀಸುತ್ತಿರುತ್ತಾನೆ, ಪೆಟ್ಟು ಬೀಳುವುದು ಮನೆಯ ಗೋಡೆಗೆ.

ಕರುಳಿನೊಳಗೆ ಏನು ಬದಲಾಗುತ್ತದೆ?

ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರ ಒಂದು ಲೆಕ್ಕಾಚಾರ ಹೇಳುತ್ತದೆ. ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ. ಇಷ್ಟಾದರೂ ನಾವು ಆರೋಗ್ಯವಾಗಿರಲು ಕಾರಣ ಕರುಳಿನ ಗೋಡೆಗೆ ಅಂಟಿರುವ ಲೋಳೆಯ ಪದರ. ಅದರ ಒಳಭಾಗಕ್ಕೆ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಇಳಿಯುವುದಿಲ್ಲ.

ಅಷ್ಟೇ ಅಲ್ಲ, ಇವುಗಳಲ್ಲಿ ಕೆಲವು ನಮಗೆ ಉಪಕಾರಿಗಳು. ನಾವು ತಿನ್ನುವ ನಾರಿನಂಶವನ್ನು ಕೊಳೆಸಿ ಬ್ಯುಟಿರೇಟ್ ಎಂಬ ವಸ್ತುವನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಫೀಕಾಲಿಬ್ಯಾಕ್ಟೀರಿಯಂ ಎಂಬುದು ಇಂಥ ಒಂದು ಬ್ಯಾಕ್ಟೀರಿಯಾ. ಶಸ್ತ್ರಚಿಕಿತ್ಸೆಯಾದ ಕ್ರೋನ್ಸ್ ರೋಗಿಗಳಲ್ಲಿ ಇದು ಕಡಿಮೆ ಇದ್ದವರಿಗೆ ಕಾಯಿಲೆ ಮರಳುವುದು ಹೆಚ್ಚು ಎಂದು ಫ್ರಾನ್ಸಿನ ಸಂಶೋಧಕರು 2008ರಲ್ಲಿ ವರದಿ ಮಾಡಿದರು.

ಐಬಿಡಿಯಲ್ಲಿ ಲೋಳೆಯ ಪದರ ತೆಳುವಾಗುತ್ತದೆ, ಉಪಕಾರಿಗಳು ಕಡಿಮೆಯಾಗುತ್ತವೆ, ಇ. ಕೋಲಿಯಂಥವು ಹೆಚ್ಚುತ್ತವೆ. ಕರುಳಿನ ಗೋಡೆಗೆ ಅಂಟಿಕೊಂಡು ಜೀವಕೋಶದೊಳಗೆ ನುಗ್ಗುವ ಒಂದು ಬಗೆಯ ಇ. ಕೋಲಿ ಕ್ರೋನ್ಸ್ ರೋಗಿಗಳ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೆಚ್ಚಾಗಿ ಸಿಕ್ಕಿದೆ. ಈ ಅಸಮತೋಲನ ಕಾಯಿಲೆಗೆ ಕಾರಣವೂ ಆಗಿರಬಹುದು, ಪರಿಣಾಮವೂ ಆಗಿರಬಹುದು. ಒಂದು ಇನ್ನೊಂದನ್ನು ಹೆಚ್ಚಿಸುತ್ತಾ ಹೋಗುತ್ತದೆ. ಗೋಡೆ ಹೀಗೆ ಬಿರುಕು ಬಿಟ್ಟ ಮೇಲೆ ಶುರುವಾಗುವುದೇ ತೊಡಕುಗಳು.

ತೊಡಕು 1: ಉಲ್ಬಣದಂತೆಯೇ ಕಾಣುವ ಸೋಂಕು

ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್, ಚಿಕ್ಕದಾಗಿ ಸಿ. ಡಿಫ್. ಆ್ಯಂಟಿಬಯಾಟಿಕ್ ತೆಗೆದುಕೊಂಡಾಗ ಉಪಕಾರಿ ಬ್ಯಾಕ್ಟೀರಿಯಾಗಳು ಸತ್ತು ಜಾಗ ಖಾಲಿಯಾಗುತ್ತದೆ. ಅಲ್ಲಿ ಇದು ಬೆಳೆದು ವಿಷ ಉಗುಳುತ್ತದೆ. ಐಬಿಡಿ ಇರುವವರಿಗೆ ಇದು ತಗುಲುವ ಸಾಧ್ಯತೆ ಇತರರಿಗಿಂತ ಹೆಚ್ಚು, ಕೆಲವೊಮ್ಮೆ ಆ್ಯಂಟಿಬಯಾಟಿಕ್ ತೆಗೆದುಕೊಳ್ಳದಿದ್ದರೂ ತಗುಲುತ್ತದೆ. ಲಕ್ಷಣಗಳು ಕೊಲೈಟಿಸ್ ಉಲ್ಬಣವಾದಂತೆಯೇ ಇರುವುದರಿಂದ ಸ್ಟೀರಾಯ್ಡ್ ಹೆಚ್ಚಿಸಿ ಸುಮ್ಮನಾಗುವ ಅಪಾಯವಿದೆ. ಅದಕ್ಕಾಗಿಯೇ ಪ್ರತಿ ತೀವ್ರ ಉಲ್ಬಣದಲ್ಲೂ ಮಲದ ಪರೀಕ್ಷೆ ಮಾಡಬೇಕು ಎನ್ನುವುದು ತಜ್ಞರ ನಿಯಮ. ಉರಿಯೂತವನ್ನು ಅಳೆಯುವ ಸಿಆರ್‌ಪಿ ಮತ್ತು ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಗಳು ಇಲ್ಲಿ ಸಾಲವು, ಏಕೆಂದರೆ ಸೋಂಕಾದಾಗಲೂ ಅವು ಏರುತ್ತವೆ.

ಮನೆಯವರು ನೆನಪಿಡಬೇಕಾದದ್ದು: ಇದರ ಬೀಜಕಗಳು ಸ್ಯಾನಿಟೈಸರ್‌ಗೆ ಸಾಯುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯಬೇಕು.

ತೊಡಕು 2: ಕೀವು ಮತ್ತು ಫಿಸ್ಟುಲಾ

ಕ್ರೋನ್ಸ್‌ನಲ್ಲಿ ಹುಣ್ಣು ಕರುಳಿನ ಗೋಡೆಯ ಆಳಕ್ಕೆ ಇಳಿದಾಗ ಬ್ಯಾಕ್ಟೀರಿಯಾಗಳು ಅದೇ ದಾರಿಯಲ್ಲಿ ಹೊರಬಂದು ಹೊಟ್ಟೆಯೊಳಗೆ ಕೀವುಗಟ್ಟಬಹುದು. ಹುಣ್ಣು ಸುರಂಗದಂತೆ ಕೊರೆದುಕೊಂಡು ಮೂತ್ರಕೋಶಕ್ಕೋ ಚರ್ಮಕ್ಕೋ ಇನ್ನೊಂದು ಕರುಳಿಗೋ ತೆರೆದುಕೊಂಡರೆ ಅದೇ ಫಿಸ್ಟುಲಾ. ಗುದದ್ವಾರದ ಬಳಿ ಆಗುವುದನ್ನು ನಮ್ಮಲ್ಲಿ ಭಗಂದರ ಎನ್ನುತ್ತಾರೆ. ಪದೇ ಪದೇ ಮರಳುವ ಭಗಂದರ ಇರುವವರಲ್ಲಿ, ಅದರಲ್ಲೂ ವಯಸ್ಸು ಚಿಕ್ಕದಿದ್ದು ಭೇದಿಯೂ ಇದ್ದರೆ, ಕ್ರೋನ್ಸ್ ಇದೆಯೇ ಎಂದು ಮೊದಲು ನೋಡಬೇಕು.

ಇಲ್ಲಿ ಚಿಕಿತ್ಸೆಯ ಕ್ರಮ ಬಹಳ ಮುಖ್ಯ. ಕೀವು ಇದ್ದರೆ ಮೊದಲು ಅದನ್ನು ಹೊರತೆಗೆದು ಆ್ಯಂಟಿಬಯಾಟಿಕ್ ಕೊಡುತ್ತಾರೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಆಮೇಲೆ. ಕ್ರಮ ತಿರುವುಮುರುವಾದರೆ ಸೋಂಕು ರಕ್ತಕ್ಕೆ ಹರಡಬಹುದು.

ತೊಡಕು 3: ಊದಿಕೊಂಡು ಒಡೆಯುವ ಕರುಳು

ತೀವ್ರ ಕೊಲೈಟಿಸ್‌ನಲ್ಲಿ ದೊಡ್ಡ ಕರುಳು ಚಲನೆ ಕಳೆದುಕೊಂಡು ಬಲೂನಿನಂತೆ ಊದಿಕೊಳ್ಳುವುದುಂಟು. ಅದು ಒಡೆದರೆ ಒಳಗಿನ ಬ್ಯಾಕ್ಟೀರಿಯಾಗಳೆಲ್ಲ ಹೊಟ್ಟೆಯ ಕುಹರಕ್ಕೆ ಚೆಲ್ಲಿ ಜೀವಕ್ಕೇ ಕುತ್ತು. ಸಿ. ಡಿಫ್ ಸೋಂಕಿನಿಂದಲೂ ಹೀಗಾಗಬಹುದು. ತೀವ್ರ ಉಲ್ಬಣದಲ್ಲಿ ಭೇದಿ ನಿಲ್ಲಿಸುವ ಲೋಪೆರಮೈಡ್‌ನಂಥ ಮಾತ್ರೆಯನ್ನು ಮೆಡಿಕಲ್ ಸ್ಟೋರ್‌ನಿಂದ ತಂದು ನುಂಗಬಾರದು ಎನ್ನುವುದು ಈ ಕಾರಣಕ್ಕೆ. ಇನ್ನೊಂದು ಎಚ್ಚರ: ಹೆಚ್ಚು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಕರುಳು ಒಡೆದರೂ ಜ್ವರ, ನೋವು ಕಡಿಮೆ ಕಾಣಬಹುದು.

ತೊಡಕು 4: ಕಿರಿದಾದ ಕರುಳಿನಲ್ಲಿ ನಿಂತ ನೀರು

ಉರಿಯೂತ ಮತ್ತೆ ಮತ್ತೆ ಬಂದು ಮಾಯ್ದಾಗ ಕರುಳು ಕಲೆಗಟ್ಟಿ ಕಿರಿದಾಗುತ್ತದೆ. ಅದರ ಹಿಂದೆ ಆಹಾರ ನಿಲ್ಲುತ್ತದೆ. ನಿಂತ ನೀರಿನಲ್ಲಿ ಪಾಚಿ ಬೆಳೆದಂತೆ, ಬ್ಯಾಕ್ಟೀರಿಯಾ ಕಡಿಮೆ ಇರಬೇಕಾದ ಸಣ್ಣ ಕರುಳಿನಲ್ಲಿ ಅವು ತುಂಬಿಕೊಳ್ಳುತ್ತವೆ. ಹೊಟ್ಟೆಯುಬ್ಬರ, ಗ್ಯಾಸ್, ಭೇದಿ ಶುರುವಾಗುತ್ತದೆ. ಈ ಬ್ಯಾಕ್ಟೀರಿಯಾಗಳು ವಿಟಮಿನ್ ಬಿ12 ಅನ್ನೂ ಕಬಳಿಸುತ್ತವೆ. ಇಲ್ಲಿ ಉರಿಯೂತದ ಔಷಧ ಹೆಚ್ಚಿಸಿ ಪ್ರಯೋಜನವಿಲ್ಲ.

ತೊಡಕು 5: ಕ್ಷಯ ಎಂಬ ನಮ್ಮ ನಾಡಿನ ಒಗಟು

ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದ್ದಾರೆ. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ, ಕರುಳಿಗೂ ಬರುತ್ತದೆ. ಅದರ ನೆಚ್ಚಿನ ಜಾಗ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕಡೆ, ಕ್ರೋನ್ಸ್‌ಗೂ ಅದೇ. ಎರಡರಲ್ಲೂ ಹೊಟ್ಟೆನೋವು, ತೂಕ ಇಳಿಕೆ, ಜ್ವರ. ಕೊಲೊನೊಸ್ಕೋಪಿಯಲ್ಲಿ ಎರಡರಲ್ಲೂ ಹುಣ್ಣು. ಬಯಾಪ್ಸಿಯಲ್ಲೂ ಎರಡರಲ್ಲೂ ಗ್ರಾನ್ಯುಲೋಮಾ ಎಂಬ ಗಂಟು ಕಾಣಬಹುದು. ಕರುಳಿನ ಕ್ಷಯದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಕಡಿಮೆ ಇರುವುದರಿಂದ ಪರೀಕ್ಷೆಯಲ್ಲಿ ಸಿಗದಿದ್ದರೂ ಕ್ಷಯ ಇಲ್ಲವೆಂದಲ್ಲ.

ಕ್ಷಯವನ್ನು ಕ್ರೋನ್ಸ್ ಎಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಹರಡುತ್ತದೆ. ಕ್ರೋನ್ಸ್ ಅನ್ನು ಕ್ಷಯ ಎಂದುಕೊಂಡರೆ ತಿಂಗಳುಗಟ್ಟಲೆ ಬೇಡದ ಔಷಧ, ಅಷ್ಟರಲ್ಲಿ ಕರುಳು ಇನ್ನಷ್ಟು ಹಾಳು. ಹಾಗಾಗಿ ಅನುಮಾನ ಉಳಿದಾಗ ನಮ್ಮ ವೈದ್ಯರು ಹಲವು ಬಾರಿ ಮೊದಲು ಕ್ಷಯದ ಔಷಧ ಕೊಟ್ಟು, ಕೆಲವು ತಿಂಗಳಲ್ಲಿ ಮತ್ತೆ ಕೊಲೊನೊಸ್ಕೋಪಿ ಮಾಡಿ ಹುಣ್ಣು ಮಾಯ್ದಿದೆಯೇ ಎಂದು ನೋಡುತ್ತಾರೆ. "ಎರಡು ಸಲ ಯಾಕೆ ಅದೇ ಟೆಸ್ಟ್?" ಎಂದು ಬೇಸರಿಸಿ ಮಧ್ಯದಲ್ಲೇ ಬಿಡಬೇಡಿ.

ಇನ್ನೊಂದು ಮುಖ್ಯ ಸಂಗತಿ. ಇನ್‌ಫ್ಲಿಕ್ಸಿಮ್ಯಾಬ್ ಎಂಬ ಚುಚ್ಚುಮದ್ದು ಕ್ರೋನ್ಸ್‌ಗೆ ಅಮೆರಿಕದಲ್ಲಿ 1998ರಲ್ಲಿ ಬಂತು. ಅದನ್ನು ಪಡೆದವರಲ್ಲಿ ಕ್ಷಯ ಕಾಣಿಸಿಕೊಂಡ 70 ಪ್ರಕರಣಗಳ ವರದಿ 2001ರಲ್ಲಿ ಪ್ರಕಟವಾಯಿತು; ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕ್ಷಯ ಶ್ವಾಸಕೋಶದ ಹೊರಗಿತ್ತು. ದೇಹದಲ್ಲಿ ಸುಪ್ತವಾಗಿ ಮಲಗಿದ್ದ ಬ್ಯಾಕ್ಟೀರಿಯಾವನ್ನು ಔಷಧ ಎಬ್ಬಿಸಿತ್ತು. ಅಂದಿನಿಂದ ಇಂಥ ಔಷಧ ಶುರುಮಾಡುವ ಮೊದಲು ಎದೆಯ ಎಕ್ಸ್‌ರೇ ಮತ್ತು ಕ್ಷಯದ ಚರ್ಮ ಅಥವಾ ರಕ್ತ ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ.

ತೊಡಕು 6: ದೊಡ್ಡ ಕರುಳು ತೆಗೆದ ಮೇಲೂ

ಔಷಧಕ್ಕೆ ಬಗ್ಗದ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನಿಂದಲೇ ಒಂದು ಚೀಲ ಮಾಡಿ ಗುದದ್ವಾರಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆಯಿದೆ. ಲಂಡನ್ನಿನ ಪಾರ್ಕ್ಸ್ ಮತ್ತು ನಿಕಲ್ಸ್ 1978ರಲ್ಲಿ ಇದನ್ನು ವಿವರಿಸಿದರು. ಆ ಚೀಲದಲ್ಲಿ ಉರಿಯೂತ ಬರುವುದೇ ಪೌಚೈಟಿಸ್. ಇದು ಆ್ಯಂಟಿಬಯಾಟಿಕ್‌ಗೆ ಸಾಮಾನ್ಯವಾಗಿ ಚೆನ್ನಾಗಿ ಬಗ್ಗುತ್ತದೆ. ಬ್ಯಾಕ್ಟೀರಿಯಾಗಳ ಕೈವಾಡ ಇಷ್ಟು ನೇರವಾಗಿ ಕಾಣುವ ತೊಡಕು ಐಬಿಡಿಯಲ್ಲಿ ವಿರಳ.

ತೊಡಕು 7: ಕ್ಯಾನ್ಸರ್

ದೊಡ್ಡ ಕರುಳಿನಲ್ಲಿ ವರ್ಷಾನುಗಟ್ಟಲೆ ಉರಿಯೂತ ಇದ್ದರೆ ಕ್ಯಾನ್ಸರ್ ಸಾಧ್ಯತೆ ಹೆಚ್ಚುತ್ತದೆ. ಕೆಲವು ಇ. ಕೋಲಿಗಳು ಕೋಲಿಬ್ಯಾಕ್ಟಿನ್ ಎಂಬ ವಿಷ ತಯಾರಿಸಿ ಜೀವಕೋಶದ ಡಿಎನ್‌ಎಗೆ ಹಾನಿ ಮಾಡುತ್ತವೆ. ಕೊಲೈಟಿಸ್ ಇರುವ ಇಲಿಗಳಲ್ಲಿ, ಆ ವಿಷ ತಯಾರಿಸುವ ಜೀನ್‌ಗಳನ್ನು ತೆಗೆದ ಇ. ಕೋಲಿ ಇದ್ದಾಗ ಗೆಡ್ಡೆ ಕಡಿಮೆಯಾದದ್ದು 2012ರ ಒಂದು ಅಧ್ಯಯನದಲ್ಲಿ ಕಂಡಿತು. ರೋಗಿಗೆ ಇದರಿಂದ ತಿಳಿಯಬೇಕಾದದ್ದು: ಕಾಯಿಲೆ ಶುರುವಾಗಿ ಸುಮಾರು 8 ವರ್ಷವಾದ ಮೇಲೆ, ಆರಾಮಾಗಿದ್ದರೂ, ವೈದ್ಯರು ಹೇಳಿದ ಅವಧಿಗೊಮ್ಮೆ ಕೊಲೊನೊಸ್ಕೋಪಿ ಮಾಡಿಸಬೇಕು.

ಸಾಮಾನ್ಯ ಹೇಳಿಕೆಗಳು ಮತ್ತು ವಾಸ್ತವ

ಹೇಳಿಕೆ: ದಿನಾ ಮೊಸರು, ಮಜ್ಜಿಗೆ ಕುಡಿದರೆ 'ಒಳ್ಳೆ ಬ್ಯಾಕ್ಟೀರಿಯಾ' ಹೆಚ್ಚಿ ಐಬಿಡಿ ಗುಣವಾಗುತ್ತದೆ.
ವಾಸ್ತವ: ಒಗ್ಗುವವರಿಗೆ ಮೊಸರು ಒಳ್ಳೆಯ ಆಹಾರ, ಆದರೆ ಅದು ಔಷಧವಲ್ಲ. ಇ. ಕೋಲಿ ನಿಸ್ಲೆ ಎಂಬ ನಿರ್ದಿಷ್ಟ ತಳಿ ಅಲ್ಸರೇಟಿವ್ ಕೊಲೈಟಿಸ್ ಮರಳದಂತೆ ತಡೆಯಲು ನೆರವಾದ ಪುರಾವೆ ಇದೆ. ಮೊಸರಿನಲ್ಲಿರುವುದು ಬೇರೆ ಬ್ಯಾಕ್ಟೀರಿಯಾಗಳು. ಮೊಸರನ್ನು ನಂಬಿ ಮಾತ್ರೆ ನಿಲ್ಲಿಸಬಾರದು.

ಹೇಳಿಕೆ: ಭೇದಿಗೆ ಕೊಟ್ಟು ಕರುಳು 'ಶುದ್ಧಿ' ಮಾಡಿದರೆ ಕೆಟ್ಟ ಬ್ಯಾಕ್ಟೀರಿಯಾ ಹೋಗುತ್ತದೆ.
ವಾಸ್ತವ: ಒಳ್ಳೆಯದನ್ನು ಬಿಟ್ಟು ಕೆಟ್ಟದ್ದನ್ನು ಮಾತ್ರ ತೊಳೆಯುವ ಭೇದಿ ಔಷಧವಿಲ್ಲ. ಹುಣ್ಣಾದ ಕರುಳಿಗೆ ಇದು ನೇರ ಅಪಾಯ, ನಿರ್ಜಲೀಕರಣ ಬೇರೆ.

ಹೇಳಿಕೆ: ಐಬಿಡಿ ಅಂಟುರೋಗ, ತಟ್ಟೆ ಲೋಟ ಬೇರೆ ಇಡಬೇಕು.
ವಾಸ್ತವ: ಐಬಿಡಿ ಅಂಟುವುದಿಲ್ಲ. ಜೊತೆಗೆ ಕೂತು ಉಣ್ಣಬಹುದು, ಮದುವೆಯಾಗಬಹುದು, ಮಕ್ಕಳನ್ನು ಹೆರಬಹುದು.

ಹೇಳಿಕೆ: ಆರೋಗ್ಯವಂತರ ಮಲವನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆಯಿದೆಯಂತೆ, ಮನೆಯಲ್ಲೇ ಮಾಡಬಹುದು.
ವಾಸ್ತವ: ಪದೇ ಪದೇ ಮರಳುವ ಸಿ. ಡಿಫ್ ಸೋಂಕಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಕೆಲವರಿಗೆ ನೆರವಾಗಿದೆ, ಇನ್ನೂ ಸಂಶೋಧನೆಯ ಹಂತದಲ್ಲಿದೆ. ಸರಿಯಾಗಿ ಪರೀಕ್ಷಿಸದ ಮಲದಿಂದ ಔಷಧಕ್ಕೆ ಬಗ್ಗದ ಇ. ಕೋಲಿ ತಗುಲಿ ರೋಗಿಯೊಬ್ಬರು ಸತ್ತ ಬಗ್ಗೆ 2019ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ನೀಡಿತ್ತು. ಮನೆಯಲ್ಲಿ ಖಂಡಿತ ಬೇಡ.

ಯಾವಾಗ ತಡಮಾಡಬಾರದು?

ಐಬಿಡಿ ಇರುವವರಿಗೆ ಜ್ವರ ಮತ್ತು ಚಳಿನಡುಕ, ಹೊಟ್ಟೆ ಊದಿಕೊಂಡು ಗಟ್ಟಿಯಾಗುವುದು, ನಿಲ್ಲದ ವಾಂತಿ, ಗುದದ್ವಾರದ ಬಳಿ ನೋವಿನ ಊತ ಅಥವಾ ಕೀವು, ದಿನಕ್ಕೆ 6 ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತಭೇದಿ, ಇವುಗಳಲ್ಲಿ ಯಾವುದಾದರೂ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಉಳಿದಿದ್ದ ಸ್ಟೀರಾಯ್ಡನ್ನೋ ಹಳೆ ಚೀಟಿಯ ಆ್ಯಂಟಿಬಯಾಟಿಕನ್ನೋ ಶುರುಮಾಡಬೇಡಿ. ಸ್ಟೀರಾಯ್ಡ್ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಅದನ್ನು ಥಟ್ಟನೆ ನಿಲ್ಲಿಸಲೂ ಬೇಡಿ.

ವೈದ್ಯರ ಮುಂದೆ ಕೂತಾಗ ಕೇಳಬಹುದಾದ ಒಂದು ಪ್ರಶ್ನೆ ಇದೆ: "ಡಾಕ್ಟ್ರೇ, ಇದು ಕಾಯಿಲೆ ಹೆಚ್ಚಾಗಿರೋದಾ, ಇಲ್ಲ ಇನ್‌ಫೆಕ್ಷನ್ನಾ? ಅದು ಗೊತ್ತಾಗೋಕೆ ಯಾವ ಟೆಸ್ಟ್ ಮಾಡಿಸಬೇಕು?" ಕಳೆದ ಮೂರು ತಿಂಗಳಲ್ಲಿ ಯಾವ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದಿರಿ ಎಂಬುದನ್ನೂ ಹೇಳಿ. ಬೇರೆ ವೈದ್ಯರು ಕೊಟ್ಟಿದ್ದರೂ, ಹಲ್ಲುನೋವಿಗೆ ಎಂದು ಅಂಗಡಿಯಿಂದ ತಂದಿದ್ದರೂ ಹೇಳಿ.

ಒಟ್ಟಿನಲ್ಲಿ, ಐಬಿಡಿ ಒಂದು ಬ್ಯಾಕ್ಟೀರಿಯಾದಿಂದ ಬರುವ ಸೋಂಕಲ್ಲ. ಆ್ಯಂಟಿಬಯಾಟಿಕ್‌ನಿಂದ ಅದು ಗುಣವಾಗುವುದಿಲ್ಲ. ಆದರೆ ಈ ಕಾಯಿಲೆ ಜೀವಕ್ಕೆ ಅಪಾಯ ತರುವ ಹಲವು ಸಂದರ್ಭಗಳಲ್ಲಿ ಬ್ಯಾಕ್ಟೀರಿಯಾಗಳ ಪಾಲು ದೊಡ್ಡದು. ಆದ್ದರಿಂದ ಪ್ರತಿ ಉಲ್ಬಣದಲ್ಲೂ ಪರೀಕ್ಷೆ ಮೊದಲು, ಔಷಧ ಆಮೇಲೆ. ಪರೀಕ್ಷೆಗೆ ಕಾಯಲಾಗದಷ್ಟು ಸ್ಥಿತಿ ಗಂಭೀರವಾಗಿದ್ದರೆ ಯಾವುದನ್ನು ಮೊದಲು ಕೊಡಬೇಕೆಂಬ ತೀರ್ಮಾನ ಆಸ್ಪತ್ರೆಯಲ್ಲಿ, ವೈದ್ಯರಿಂದ ಆಗಲಿ.